ರಾಜಕುಮಾರನಿಗಿಂತ ಕಳ್ಳನೇ ಚೆಂದ

1931ರಲ್ಲಿ ನಾಟಕ ಕಂಪನಿಯ ಮಾಲೀಕರಾದ ಗುಬ್ಬಿ ವೀರಣ್ಣನವರು ‘ಹಿಸ್ ಲವ್ ಅಫೇರ್’ ಎಂಬ ಸಿನಿಮಾ ಮಾಡಿದರು. ಹೆಸರು ಇಂಗ್ಲಿಷಿನದು, ನಿರ್ದೇಶಕ ರಾಫೆಲ್ ಅಲ್ಗೋಯೆಟ್ ಯುರೋಪಿನವರು, ತೆರೆಯ ಮೇಲೆ ವೀರಣ್ಣ ಮತ್ತು ಬಿ. ಜಯಮ್ಮ. ಚಿತ್ರಕ್ಕೆ ಮಾತಿಲ್ಲ, ಹಾಡಿಲ್ಲ. ಹಾರ್ಮೋನಿಯಂ ಶ್ರುತಿ ಹಿಡಿಯದೆ ಪರದೆ ಏಳದಿದ್ದ ಕಾಲ ಅದು. ಹಾಡಿಕೊಂಡೇ ರಂಗಕ್ಕೆ ಬರುತ್ತಿದ್ದ ಕಂಪನಿಯ ನಟರು ಕ್ಯಾಮೆರಾದ ಮುಂದೆ ಬರೀ ತುಟಿ ಅಲ್ಲಾಡಿಸಿ ಪ್ರೇಮ ಮಾಡಬೇಕಾಯಿತು. ಅದೇ ವರ್ಷ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ತೆರೆಕಂಡು ಭಾರತದ ಸಿನಿಮಾ ಬಾಯಿಬಿಟ್ಟಿತು. ಬಾಯಿ ಬಿಟ್ಟ ಕೂಡಲೇ ಹಾಡಿತು ಕೂಡ. ಮೂಕಿಗಳ ಕಾಲ ಕಣ್ಣೆದುರೇ ಮುಗಿಯತೊಡಗಿತು.

ಇಂಥದೇ ಪಾಡು ಹಾಲಿವುಡ್ಡಿಗೆ ನಾಲ್ಕು ವರ್ಷ ಮೊದಲೇ, 1927ರಲ್ಲಿ ಬಂದಿತ್ತು. ಗಾಯ ಒಣಗಿದ ಮೇಲೆ ಅವರು ಅದನ್ನು ನಗುವ ವಸ್ತುವಾಗಿ ಮಾಡಿಕೊಂಡರು. ಜೀನ್ ಕೆಲಿ ಮತ್ತು ಸ್ಟ್ಯಾನ್ಲಿ ಡೋನೆನ್ ಸೇರಿ ನಿರ್ದೇಶಿಸಿದ ‘ಸಿಂಗಿಂಗ್ ಇನ್ ದ ರೇನ್’ ಬಂದದ್ದು 1952ರಲ್ಲಿ. ಕಥೆ ಸಣ್ಣದು. ಮೂಕಿಚಿತ್ರದ ಜನಪ್ರಿಯ ಜೋಡಿಯೊಂದು ಟಾಕಿಗೆ ಇಳಿಯಬೇಕಾಗುತ್ತದೆ. ನಾಯಕಿ ಲೀನಾ ಕಣ್ಣಿಗೆ ರಂಭೆ, ದನಿಯೋ ಗೋಡೆಗೆ ತಗಡು ಉಜ್ಜಿದ ಹಾಗೆ. ಆಕೆಗೆ ದನಿ ಕೊಡಲು ಪರದೆಯ ಹಿಂದೆ ಒಬ್ಬ ಹೊಸ ಹುಡುಗಿ ಕ್ಯಾಥಿ. ನಾಯಕನಿಗೆ ಪ್ರೀತಿ ಹುಟ್ಟುವುದು ಆ ಹುಡುಗಿಯ ಮೇಲೆ. ಮೈಕನ್ನು ಪೊದೆಯಲ್ಲಿ ಬಚ್ಚಿಟ್ಟರೆ ಲೀನಾ ಮುಖ ತಿರುಗಿಸಿದಾಗೆಲ್ಲ ಮಾತು ಮಾಯ. ಆಕೆಯ ಉಡುಪಿಗೇ ಹೊಲಿದರೆ ಎದೆ ಬಡಿತವೇ ಡೋಲಿನಂತೆ ಕೇಳಿಸುತ್ತದೆ. ಆ ದೃಶ್ಯಕ್ಕೆ ಇವತ್ತಿಗೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಎಪ್ಪತ್ತು ವರ್ಷ ದಾಟಿದ ಮೇಲೂ ಒಂದು ಪ್ರೇಮಕಥೆ ಹಳಸದೆ ಉಳಿದದ್ದು ಹೇಗೆ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಪುಸ್ತಕಗಳೇ ಬಂದಿವೆ. ಗುಬ್ಬಿ, ಬೆಳ್ಳಾವಿ, ತಿಪಟೂರುಗಳ ತೆಂಗಿನ ಸೀಮೆಯಲ್ಲಿ ಕೂತು ನೋಡಿದರೆ ಉತ್ತರ ಇನ್ನೊಂದು ದಿಕ್ಕಿನಿಂದ ಸಿಗುತ್ತದೆ. ಇಲ್ಲಿ ಅದಕ್ಕಿಂತ ಹಿರಿದಾದ, ಅಷ್ಟೇ ತಮಾಷೆಯ, ಅಷ್ಟೇ ಹಾಡಿನ ಪ್ರೇಮಕಥೆಯೊಂದಿದೆ. ಅದು ‘ಸದಾರಮೆ’.

ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರೈಲು ತುಮಕೂರು ಬಿಟ್ಟು ಗುಬ್ಬಿಗೆ ಬರುತ್ತದೆ. ಆಮೇಲೆ ನಿಟ್ಟೂರು, ಸಂಪಿಗೆ ರೋಡ್, ಬಾಣಸಂದ್ರ ದಾಟಿ ತಿಪಟೂರು. ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯಲ್ಲಿ ಒಂದು ಪಾಲು ಈ ಹಳಿಯ ಆಸುಪಾಸಿನದೇ. 1884ರಲ್ಲಿ ಗುಬ್ಬಿಯಲ್ಲಿ ಊರ ಆಸಕ್ತರೇ ಸೇರಿ ಕಟ್ಟಿದ ನಾಟಕ ಸಂಘಕ್ಕೆ ಊರ ದೇವರು ಚನ್ನಬಸವೇಶ್ವರನ ಹೆಸರಿಟ್ಟರು. ಕಟ್ಟಿದವರಲ್ಲಿ ಚಂದಣ್ಣನವರೂ ಇದ್ದರು, ಅಬ್ದುಲ್ ಅಜೀಜ್ ಸಾಹೇಬರೂ ಇದ್ದರು. ಹುಡುಗನಾಗಿದ್ದಾಗಲೇ ಕಂಪನಿ ಸೇರಿದ ವೀರಣ್ಣ 1917ರಲ್ಲಿ ಅದರ ಮಾಲೀಕರಾದರು. ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ವೈಭವದ ಕಂಪನಿ ಅದು. ಆದರೂ ವೀರಣ್ಣ ಎಂದರೆ ಹಳಬರಿಗೆ ನೆನಪಾಗುವುದು ಆನೆಯಲ್ಲ. ‘ಸದಾರಮೆ’ಯ ಕಳ್ಳ.

‘ಸದಾರಮೆ’ಯನ್ನು ಗುಬ್ಬಿ ಕಂಪನಿಗೆ ಬರೆದುಕೊಟ್ಟವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ತುಮಕೂರಿನ ಪಕ್ಕದ ಬೆಳ್ಳಾವಿಯವರು. ಕಂಪನಿ ಕವಿ ಎಂಬ ಕೆಲಸ ಈಗ ಯಾರಿಗೂ ಗೊತ್ತಿಲ್ಲ. ಆ ಕವಿಯಾದವನು ನಟನ ಗಂಟಲು ನೋಡಿ ಪದ ಬರೆಯಬೇಕು, ಮಾಲೀಕರ ಗಲ್ಲಾಪೆಟ್ಟಿಗೆ ನೋಡಿ ಅಂಕ ಕಟ್ಟಬೇಕು, ಸೀನು ಬದಲಾಯಿಸುವವರಿಗೆ ಹೊತ್ತು ಸಾಲದಿದ್ದರೆ ಮುಂಪರದೆಯ ಎದುರು ಇಬ್ಬರನ್ನು ನಿಲ್ಲಿಸಿ ಒಂದು ಹಾಸ್ಯ ಹೊಸೆದುಕೊಡಬೇಕು. ಶಾಸ್ತ್ರಿಗಳು ಇದನ್ನೆಲ್ಲ ಬಲ್ಲವರು. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನಾ’ಕ್ಕೆ ಮಾತು, ಹಾಡು ಬರೆದವರೂ ಅವರೇ. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರದ ಸಾಹಿತ್ಯ ತುಮಕೂರು ಸೀಮೆಯದು ಎಂದು ಈ ಭಾಗದವರು ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪೇನಿಲ್ಲ.

ಕಥೆ ಹೀಗೆ. ರಾಜಕುಮಾರ ಜಯವೀರನಿಗೆ ಸಂಸಾರ ಬೇಡ, ವೈರಾಗ್ಯ. ದೇವಸ್ಥಾನದಲ್ಲಿ ಸದಾರಮೆಯನ್ನು ಕಂಡ ಗಳಿಗೆಗೆ ವೈರಾಗ್ಯ ಮಂಗಮಾಯ. ಹುಡುಗಿ ಶೆಟ್ಟರ ಮನೆಯವಳು. ಹೆಣ್ಣು ಕೇಳಲು ಹೋದರೆ ಆ ಮನೆಯವರು ಕೇಳುವ ತೆರ ಎಷ್ಟು ಗೊತ್ತೇ? ಇಡೀ ರಾಜ್ಯ. ಮಗನ ಆಸೆಗೆ ರಾಜ ಒಪ್ಪಿಬಿಡುತ್ತಾನೆ; ಗಂಡು ಹೆಣ್ಣು ಇಬ್ಬರೂ ಉಟ್ಟಬಟ್ಟೆಯಲ್ಲಿ ಹೊರಬೀಳುತ್ತಾರೆ. ಮುಂದಿನದೆಲ್ಲ ಸದಾರಮೆಯ ಪಾಲಿಗೆ ಬಂದದ್ದು: ಅಗಲಿಕೆ, ಮೋಹಿಸಿ ಬೆನ್ನುಬಿದ್ದ ಅರಸ, ಕದ್ದೊಯ್ಯುವ ಕಳ್ಳ. ಒಬ್ಬೊಬ್ಬರನ್ನೂ ಬುದ್ಧಿಯಿಂದ ಮಣಿಸಿ, ಗಂಡುವೇಷ ಹಾಕಿ, ಆ ವೇಷದಲ್ಲೇ ಒಬ್ಬ ರಾಜಕುಮಾರಿಯನ್ನು ಗೆದ್ದು, ಕೊನೆಗೆ ಗಂಡನನ್ನೂ ಪಡೆಯುತ್ತಾಳೆ. ಜಯವೀರ ಏನು ಮಾಡಿದ ಎಂದು ಕೇಳಿದರೆ, ಹಾಡಿದ. ಚೆನ್ನಾಗಿ ಹಾಡಿದ.

ಇಂಥ ಕಥೆಗಳ ಗುಟ್ಟೇ ಇದು. ಪ್ರೇಮಿಗಳಿಬ್ಬರೂ ಚೆಂದಕ್ಕಿರುತ್ತಾರೆ, ಹಾಡಿಗಿರುತ್ತಾರೆ. ಕಥೆಯನ್ನು ಹೆಗಲ ಮೇಲೆ ಹೊತ್ತು ದಾಟಿಸುವವನು ಹಾಸ್ಯಗಾರ. ‘ಸದಾರಮೆ’ಯಲ್ಲಿ ಹಾಸ್ಯದ ಪಾತ್ರಗಳು ಎರಡು. ಒಂದು ಸದಾರಮೆಯ ಅಣ್ಣ ಆದಿಮೂರ್ತಿ, ಇನ್ನೊಂದು ಕಳ್ಳ. ವೀರಣ್ಣ ಎರಡನ್ನೂ ತಾವೇ ಇಟ್ಟುಕೊಂಡರು. ಕಂಪನಿಯ ಮಾಲೀಕರು, ಬೇಕೆಂದರೆ ರಾಜಕುಮಾರನ ಕಿರೀಟ ಅವರದೇ. ಆದರೆ ನಾಟಕದ ಜೀವ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಆ ಕಳ್ಳ ಹೆದರಿಸುವ ಕಳ್ಳನಲ್ಲ. ತನ್ನ ಕಸುಬಿನ ಮೇಲೆ ಅಭಿಮಾನವಿರುವವನು, ಮಾತಿಗೊಂದು ಮಾತು ಕೊಡುವವನು, ಹೆಣ್ಣಿನ ಮುಂದೆ ಮೆತ್ತಗಾಗಿ ಮೋಸಹೋಗುವವನು. ಕಳ್ಳ ಮೋಸಹೋಗುವುದಕ್ಕಿಂತ ದೊಡ್ಡ ತಮಾಷೆ ಯಾವುದಿದೆ?

ಹಾಲಿವುಡ್ ಚಿತ್ರದಲ್ಲೂ ಲೆಕ್ಕ ಹೀಗೇ ಇದೆ. 103 ಡಿಗ್ರಿ ಜ್ವರದಲ್ಲಿ ಮಳೆಯಲ್ಲಿ ನೆನೆದು ಕುಣಿದ ಜೀನ್ ಕೆಲಿಯ ಚಿತ್ರ ಪೋಸ್ಟರಿನಲ್ಲಿದೆ, ಸರಿ. ಆದರೆ ಚಿತ್ರ ನೋಡಿ ಎದ್ದವರ ಬಾಯಲ್ಲಿ ಇಬ್ಬರ ಹೆಸರು ತಪ್ಪದೆ ಬರುತ್ತದೆ. ಒಬ್ಬ, ಗೋಡೆ ಹತ್ತಿ ಪಲ್ಟಿ ಹೊಡೆದು ನಗಿಸುವ ಗೆಳೆಯನ ಪಾತ್ರದ ಡೊನಾಲ್ಡ್ ಓ’ಕಾನರ್. ಇನ್ನೊಬ್ಬಳು, ಕರ್ಕಶ ದನಿಯ ಲೀನಾ ಆಗಿ ಮೆರೆದ ಜೀನ್ ಹೇಗನ್. ಆ ವರ್ಷದ ಆಸ್ಕರಿಗೆ ಈ ಚಿತ್ರದಿಂದ ನಾಮನಿರ್ದೇಶನಗೊಂಡ ಏಕೈಕ ನಟಿ ಹೇಗನ್. ನಾಯಕನಿಗೂ ಇಲ್ಲ, ನಾಯಕಿಗೂ ಇಲ್ಲ. ಇನ್ನೂ ಒಂದು ಚೋದ್ಯವಿದೆ. ಕಥೆಯಲ್ಲಿ ಲೀನಾಳ ಮಾತಿಗೆ ಕ್ಯಾಥಿ ದನಿ ಕೊಡುತ್ತಾಳಲ್ಲ, ಆ ಇಂಪಾದ ದನಿ ಕ್ಯಾಥಿಯಾಗಿ ನಟಿಸಿದ ಡೆಬ್ಬಿ ರೆನಾಲ್ಡ್ಸಳದಲ್ಲ, ಸ್ವತಃ ಹೇಗನ್‌ಳದು. ಅಂದರೆ ಹೇಗನ್‌ಗೆ ದನಿ ಕೊಡುತ್ತಿರುವಂತೆ ನಟಿಸುತ್ತಿರುವ ಹುಡುಗಿಗೆ ಹೇಗನ್ನೇ ದನಿ. ಕಂಪನಿ ನಾಟಕದ ಯಾವ ಕವಿಯೂ ಇಷ್ಟು ಸಿಕ್ಕು ಹೊಸೆದಿರಲಿಕ್ಕಿಲ್ಲ.

ಹಾಡುಗಳ ವಿಷಯಕ್ಕೆ ಬಂದರೆ ಎರಡೂ ಕಡೆಯವರು ಒಂದೇ ಸಂತೆಯ ವ್ಯಾಪಾರಿಗಳು. ‘ಸಿಂಗಿಂಗ್ ಇನ್ ದ ರೇನ್’ ಕಥೆಗೆಂದು ಹಾಡು ಬರೆಯಲಿಲ್ಲ; ಹಾಡುಗಳಿಗೆಂದು ಕಥೆ ಬರೆದರು. ನಿರ್ಮಾಪಕ ಆರ್ಥರ್ ಫ್ರೀಡ್ ಒಂದು ಕಾಲದ ಗೀತರಚನೆಕಾರ. ಅವನೂ ಸಂಗೀತಗಾರ ನೇಸಿಯೊ ಹರ್ಬ್ ಬ್ರೌನನೂ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಕಟ್ಟಿದ ಹಾಡುಗಳು ಎಂಜಿಎಂ ಕಂಪನಿಯ ಉಗ್ರಾಣದಲ್ಲಿದ್ದವು. ಇವುಗಳನ್ನೆಲ್ಲ ಪೋಣಿಸಿ ಒಂದು ಕಥೆ ಮಾಡಿ ಎಂದು ಬೆಟ್ಟಿ ಕಾಮ್ಡೆನ್, ಅಡಾಲ್ಫ್ ಗ್ರೀನ್ ಎಂಬ ಬರಹಗಾರರಿಗೆ ಹೇಳಿದರು. ಹಾಡುಗಳು ಟಾಕಿಯ ಆರಂಭಕಾಲದವು, ಹಾಗಾದರೆ ಕಥೆಯೂ ಆ ಕಾಲದ್ದೇ ಇರಲಿ ಎಂದು ಅವರು ತೀರ್ಮಾನಿಸಿದರು. ಶೀರ್ಷಿಕೆ ಗೀತೆಯೇ 1929ರ ‘ಹಾಲಿವುಡ್ ರೆವ್ಯೂ’ ಚಿತ್ರದಲ್ಲಿ ಬಂದು ಹೋಗಿತ್ತು. ಓ’ಕಾನರ್‌ಗೆಂದು ಹೊಸದಾಗಿ ಬರೆದ ಹಾಸ್ಯಗೀತೆಯೋ, ಕೋಲ್ ಪೋರ್ಟರ್‌ನ ಹಳೆಯ ಹಾಡೊಂದರ ತದ್ರೂಪು. ಪೋರ್ಟರ್ ತಕರಾರು ಮಾಡಲಿಲ್ಲ, ಅದು ಅವನ ದೊಡ್ಡತನ.

ನಮ್ಮಲ್ಲಿ ಇದಕ್ಕೆ ತಕರಾರಿನ ಪ್ರಶ್ನೆಯೇ ಇರಲಿಲ್ಲ. ಕಂಪನಿ ನಾಟಕದ ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ರಾಜಾರೋಷವಾಗಿ ಅಚ್ಚು ಹಾಕುತ್ತಿದ್ದರು. ಪಾರ್ಸಿ ಕಂಪನಿಯವರ ಹಿಂದೂಸ್ತಾನಿ ಧಾಟಿ, ಮರಾಠಿ ನಾಟ್ಯಗೀತೆ, ತ್ಯಾಗರಾಜರ ಕೃತಿಯ ಧಾತು, ಮುಂದೆ ಹಿಂದಿ ಸಿನಿಮಾ ಹಾಡು, ಎಲ್ಲವೂ ಹಾರ್ಮೋನಿಯಂ ಮೇಷ್ಟ್ರ ಬೆರಳಿನಡಿ ಕನ್ನಡವಾಗುತ್ತಿದ್ದವು. ಇದರಿಂದ ಒಂದು ಲಾಭವಿತ್ತು. ನೋಡುವವನಿಗೆ ಧಾಟಿ ಮೊದಲೇ ಕಿವಿಯಲ್ಲಿದ್ದರೆ ಪದ ಮೊದಲ ಸಲಕ್ಕೇ ನಾಲಿಗೆಗೆ ಹತ್ತುತ್ತದೆ. ಇನ್ನೊಂದು ಲಾಭ ಆಮೇಲೆ ತಿಳಿಯಿತು. ಕಾಲ ಬದಲಾದಾಗ ಹಾಡಷ್ಟೇ ಕಿತ್ತು ಬೇರೆ ಹಾಡು ಕೂರಿಸಿದರೆ ಆಯಿತು, ನಾಟಕ ಬೀಳುವುದಿಲ್ಲ.

‘ಸದಾರಮೆ’ಯ ಕಥೆಯೂ ಒಂದೇ ನುಡಿಯ ಸೊತ್ತಲ್ಲ. ತಮಿಳಿನ ‘ಸದಾರಂ’ ರಂಗದ ಮೇಲೆ ಮೆರೆದ ನಾಟಕ; ಮಲಯಾಳದಲ್ಲಿ ಕೆ.ಸಿ. ಕೇಶವ ಪಿಳ್ಳೆಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರೆದ ‘ಸದಾರಾಮ’ ಅಲ್ಲಿನ ಸಂಗೀತ ನಾಟಕಗಳಲ್ಲಿ ಹೆಸರಾದದ್ದು. ದಕ್ಷಿಣದ ಊರೂರುಗಳಲ್ಲಿ ಬೇರೆ ಬೇರೆ ಮಾತಿನಲ್ಲಿ ಒಬ್ಬಳೇ ಸದಾರಮೆ ಗಂಡುವೇಷ ಹಾಕಿ ತಿರುಗುತ್ತಿದ್ದಳು. ಇನ್ನೂ ಗಮ್ಮತ್ತೆಂದರೆ, ಹೆಣ್ಣು ರಂಗಕ್ಕೆ ಬರುವ ಮೊದಲಿನ ದಿನಗಳಲ್ಲಿ ಸದಾರಮೆಯಾಗುತ್ತಿದ್ದವನು ಗಂಡಸು. ಗಂಡು ಹೆಣ್ಣಾಗಿ, ಆ ಹೆಣ್ಣು ಮತ್ತೆ ಗಂಡಾಗಿ, ಆ ಗಂಡಿಗೆ ಮರುಳಾಗುವ ರಾಜಕುಮಾರಿಯೂ ಗಂಡಸೇ ಆಗಿ... ಗ್ಯಾಸ್‌ಲೈಟಿನ ಮುಂದೆ ಕೂತ ಪ್ರೇಕ್ಷಕನಿಗೆ ಇದ್ಯಾವುದೂ ಗೊಂದಲ ಅನ್ನಿಸಲಿಲ್ಲ.

1935ರಲ್ಲಿ ರಾಜಾ ಚಂದ್ರಶೇಖರ್ ನಿರ್ದೇಶನದಲ್ಲಿ ‘ಸದಾರಮೆ’ ಟಾಕಿಯಾಯಿತು. ಕೆ. ಅಶ್ವತ್ಥಮ್ಮ ಸದಾರಮೆ, ಹಾಸ್ಯ ಮತ್ತೆ ವೀರಣ್ಣನವರದೇ. ನಾಲ್ಕು ವರ್ಷದ ಹಿಂದೆ ಮೂಕಿಯಲ್ಲಿ ತುಟಿ ಅಲ್ಲಾಡಿಸಿದ್ದವರಿಗೆ ಕೊನೆಗೂ ಗಂಟಲು ಸಿಕ್ಕಿತ್ತು. ಇಲ್ಲಿ ಹಾಲಿವುಡ್ಡಿಗೂ ನಮಗೂ ದಾರಿ ಬೇರೆಯಾಗುತ್ತದೆ. ಅಲ್ಲಿನ ತಾರೆಯರು ಮೈಕಿಗೆ ಹೆದರಿದರು, ಏಕೆಂದರೆ ಅವರ ಬಂಡವಾಳ ಮುಖ. ಇಲ್ಲಿಯವರ ಬಂಡವಾಳವೇ ದನಿ. ಮೈಕಿಲ್ಲದ ಟೆಂಟಿನಲ್ಲಿ ಕಡೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಅಕ್ಷರ ಅಕ್ಷರ ಮುಟ್ಟಿಸಿದವರಿಗೆ ಮೈಕ್ ಯಾವ ಲೆಕ್ಕ? ಕಷ್ಟವಾದದ್ದು ಉಳಿದದ್ದು. ಪ್ರೇಕ್ಷಕನೇ ಎದುರಿಗಿಲ್ಲ. ಮಾತಿಗೆ ನಗು ಬಂತೋ ಇಲ್ಲವೋ ತಿಳಿಯುವುದಿಲ್ಲ, ಒನ್ಸ್ ಮೋರ್ ಇಲ್ಲ, ನಿನ್ನೆ ಬಿದ್ದ ಮಾತನ್ನು ಇವತ್ತು ತಿದ್ದಿಕೊಳ್ಳುವ ಹಾಗಿಲ್ಲ. ಹಾಸ್ಯಗಾರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. 1956ರಲ್ಲಿ ಕು.ರಾ. ಸೀತಾರಾಮ ಶಾಸ್ತ್ರಿಗಳು ಅದೇ ಕಥೆಯನ್ನು ಮತ್ತೊಮ್ಮೆ ತೆರೆಗೆ ತಂದರು. ತಮಿಳಿನಲ್ಲೂ ಅದೇ ವರ್ಷ ‘ಸದಾರಂ’ ಬಂತು. ಸಿನಿಮಾಗಳು ಬಂದು ಹೋದವು. ನಾಟಕ ಹೋಗಲಿಲ್ಲ.

ಹಾಡಬಲ್ಲ ನಟನ ಕಾಲ ಹಿನ್ನೆಲೆ ಗಾಯನ ಬಂದ ಮೇಲೆ ಮುಗಿಯಿತು. ಲೀನಾಳಿಗೆ ಕ್ಯಾಥಿ ದನಿ ಕೊಟ್ಟದ್ದು ಅಲ್ಲಿ ಕಥೆಯೊಳಗಿನ ಮೋಸವಾದರೆ, ಇಲ್ಲಿ ಅದೇ ಉದ್ಯಮದ ರೀತಿಯಾಯಿತು. ಯಾರೂ ಪರದೆ ಎಳೆದು ಹಿಂದಿರುವವರನ್ನು ತೋರಿಸಬೇಕಾದ ಅಗತ್ಯವೇ ಬೀಳಲಿಲ್ಲ; ಪಿ.ಬಿ. ಶ್ರೀನಿವಾಸ್ ಹೆಸರು ರಾಜ್‌ಕುಮಾರ್ ಹೆಸರಿನಷ್ಟೇ ಮನೆಮಾತು. ಆದರೂ ಕಂಪನಿಯಲ್ಲಿ ಬೆಳೆದ ಗಂಟಲು ಸುಮ್ಮನಿರಲಿಲ್ಲ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ತಾನೇ ಹಾಡಿದ ಮೇಲೆ ತನ್ನ ಹಾಡುಗಳಿಗೆ ತಾನೇ ದನಿಯಾದ.

ಆ ಮುತ್ತುರಾಜ ರಾಜ್‌ಕುಮಾರ್ ಆದ ‘ಬೇಡರ ಕಣ್ಣಪ್ಪ’ (1954) ಗುಬ್ಬಿ ಬ್ಯಾನರಿನದೇ. ಅದೇ ಚಿತ್ರದಲ್ಲಿ ತೆಳ್ಳಗಿನ, ಹಲ್ಲು ಮುಂದಾದ, ಕಣ್ಣಲ್ಲೇ ಅರ್ಧ ಮಾತಾಡುವ ಇನ್ನೊಬ್ಬ ನಟ ಕಾಣಿಸಿಕೊಂಡ. ಟಿ.ಆರ್. ನರಸಿಂಹರಾಜು. ‘ಟಿ’ ಎಂದರೆ ತಿಪಟೂರು. 1923ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮುಖಕ್ಕೆ ಬಣ್ಣ ಹಚ್ಚಿ, ಬಾಲಪಾತ್ರಗಳಿಂದ ಶುರುಮಾಡಿ ಕಂಪನಿಯಿಂದ ಕಂಪನಿಗೆ ತಿರುಗಿ ಗುಬ್ಬಿ ಕಂಪನಿಗೆ ಬಂದವರು. ಮುಂದಿನ ಇಪ್ಪತ್ತೈದು ವರ್ಷ ಕನ್ನಡದ ಪ್ರೇಮಕಥೆಗಳಲ್ಲಿ ನಾಯಕನ ಜೋಡಿ ಒಂದು, ಅದರ ಪಕ್ಕದಲ್ಲಿ ನರಸಿಂಹರಾಜು ಜೋಡಿ ಇನ್ನೊಂದು. ಪೋಸ್ಟರಿನಲ್ಲಿ ಅವರ ಮುಖವಿದ್ದರಷ್ಟೇ ಹಂಚಿಕೆದಾರರು ಚಿತ್ರ ಕೊಳ್ಳುತ್ತಿದ್ದರು ಎಂಬ ಮಾತು ಗಾಂಧಿನಗರದಲ್ಲಿ ಬಹುಕಾಲ ಓಡಾಡಿತು. ಅವರ ಹಾಸ್ಯಗೀತೆಗಳಿಗೆ ಪೀಠಾಪುರಂ ನಾಗೇಶ್ವರರಾವ್ ದನಿ ಎಷ್ಟು ಹೊಂದಿಕೊಂಡಿತೆಂದರೆ, ಹಾಡಿದವರು ನರಸಿಂಹರಾಜು ಅಲ್ಲ ಎಂದರೆ ನಂಬದವರಿದ್ದರು. 1979ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಚಿತ್ರ. ಆ ಪೈಕಿ ಎಷ್ಟೋ ಚಿತ್ರಗಳ ನಾಯಕಿ ಯಾರು ಎಂದು ಈಗ ಯೋಚಿಸಬೇಕಾಗುತ್ತದೆ. ನರಸಿಂಹರಾಜು ಏನು ಮಾಡಿದರು ಎಂಬುದು ಯೋಚಿಸದೆ ನೆನಪಿಗೆ ಬರುತ್ತದೆ.

ಬಾಳಿಕೆಯ ಕಥೆಗಳಿಗೆ ಮೊದಲ ದಿನದ ಮರ್ಯಾದೆ ಕಡಿಮೆಯೇ. ‘ಸಿಂಗಿಂಗ್ ಇನ್ ದ ರೇನ್’ ಬಂದಾಗ ಜನ ನೋಡಿದರು, ಮೆಚ್ಚಿದರು, ಅಷ್ಟೆ. ಹಿಂದಿನ ವರ್ಷ ಬಂದಿದ್ದ ಜೀನ್ ಕೆಲಿಯದೇ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿದ್ದರಿಂದ ಇದು ಅದರ ನೆರಳಿನಲ್ಲಿ ಉಳಿಯಿತು; ಒಂದು ಆಸ್ಕರೂ ಬರಲಿಲ್ಲ. ದಶಕಗಳ ಮೇಲೆ, 1989ರಲ್ಲಿ, ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕೆ ಆರಿಸಿದ ಮೊದಲ 25ರಲ್ಲಿ ಅದಕ್ಕೆ ಜಾಗ ಸಿಕ್ಕಿತು. 2006ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಂಗೀತಚಿತ್ರಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಇದಕ್ಕೇ.

‘ಸದಾರಮೆ’ಗೂ ಎರಡನೆಯ ಆಯುಷ್ಯ ಮೊಮ್ಮಗಳ ಕೈಯಲ್ಲಿ ಬಂತು. ವೀರಣ್ಣನವರ ಮಗಳು ಜಿ.ವಿ. ಮಾಲತಮ್ಮನವರ ಮಗಳು ಬಿ. ಜಯಶ್ರೀ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದವರು. ಆಧುನಿಕ ರಂಗಭೂಮಿಯವರು ಕಂಪನಿ ನಾಟಕವೆಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ತಮ್ಮ ‘ಸ್ಪಂದನ’ ತಂಡಕ್ಕೆ ‘ಸದಾರಮೆ’ ಆಡಿಸಿದರು. ಬಣ್ಣ ಬಳಿದ ಪರದೆ, ಅದೇ ಮಟ್ಟು, ಅದೇ ಅತಿಶಯದ ಮಾತು, ಎಲ್ಲ ಇಟ್ಟುಕೊಂಡರು. ಅಜ್ಜ ಆಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ಸದಾರಮೆ ಕಥೆಯೊಳಗೆ ಗಂಡುವೇಷ ಹಾಕಿದರೆ, ಜಯಶ್ರೀ ಕಥೆಯ ಹೊರಗಿನಿಂದಲೇ ಗಂಡುವೇಷ ಹಾಕಿಕೊಂಡು ಬಂದರು. ಕೊರಳಲ್ಲಿ ಕಂಚು, ನಡಿಗೆಯಲ್ಲಿ ಪೋಕರಿತನ. ಹೆಂಗಸೊಬ್ಬಳು ಕಳ್ಳನಾಗಿ ಹೆಂಗಸಿಗೆ ಮರುಳಾಗುವಾಗ ಪ್ರೇಕ್ಷಕರಿಗೆ ಹಳೆಯ ಹಾಸ್ಯದ ಮೇಲೆ ಇನ್ನೊಂದು ಹಾಸ್ಯ ಬಿಟ್ಟಿಯಾಗಿ ಸಿಕ್ಕಿತು. ಕಥೆಗೆ ಹೊಸ ಅರ್ಥ ತುಂಬಲು ಯಾರೂ ಭಾಷಣ ಬರೆಯಬೇಕಾಗಲಿಲ್ಲ. ಪಾತ್ರಧಾರಿ ಬದಲಾದದ್ದೇ ಸಾಕಾಯಿತು.

ಹಾಗಾದರೆ ತೆಂಗಿನ ಸೀಮೆಯ ಊರುಗಳಲ್ಲಿ ಈಗ ‘ಸದಾರಮೆ’ ಎಷ್ಟು ಕಡೆ ಕಾಣುತ್ತದೆ? ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ಕಡೆ ಜಾತ್ರೆ, ಹಬ್ಬ ಬಂತೆಂದರೆ ಇಂದಿಗೂ ಊರವರೇ ನಾಟಕ ಕಲಿಯುತ್ತಾರೆ. ಹಗಲು ತೋಟ, ಕೊಬ್ಬರಿ, ಹಾಲಿನ ಡೈರಿ ಎಂದು ಓಡಾಡಿದವರು ರಾತ್ರಿ ತಾಲೀಮಿಗೆ ಸೇರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಕಾಲಿನಿಂದ ತಿದಿ ಒತ್ತುತ್ತ, ಒಂದೇ ಕಂದಪದ್ಯವನ್ನು ಅದೇ ಕಡೆ ಅಪಸ್ವರ ಬರಿಸುವವನಿಗೆ ತಾಳ್ಮೆಯಿಂದ ತಿರುತಿರುಗಿ ಹೇಳಿಕೊಡುತ್ತಾರೆ. ನಾಟಕದ ರಾತ್ರಿ ಬಾಡಿಗೆ ಸೀನರಿ, ದೂರದಿಂದ ಕರೆಸಿದ ಸ್ತ್ರೀಪಾತ್ರದ ಕಲಾವಿದೆಯರು, ನಡುರಾತ್ರಿ ಕಥೆ ನಿಲ್ಲಿಸಿ ರಂಗಕ್ಕೆ ಹತ್ತಿ ಪಾತ್ರಧಾರಿಗೆ ಹಾರ ಹಾಕುವ ನೆಂಟರು, ಹಾಕಿದವರ ಹೆಸರನ್ನು ಮೈಕಿನಲ್ಲಿ ಕೂಗುವ ಊರ ಯಜಮಾನರು. ಆದರೆ ಆಡುವುದು ಬಹುಪಾಲು ‘ಕುರುಕ್ಷೇತ್ರ’.

ಕಾರಣ ರುಚಿಯಲ್ಲ, ಲೆಕ್ಕಾಚಾರ. ಹಳ್ಳಿ ನಾಟಕಕ್ಕೆ ಬಂಡವಾಳ ಹಾಕುವವರು ಪಾತ್ರಧಾರಿಗಳೇ. ದುರ್ಯೋಧನನ ಪಾರ್ಟಿಗೆ ಇಷ್ಟು, ಭೀಮನ ಪಾರ್ಟಿಗೆ ಇಷ್ಟು ಎಂದು ಹಂಚಿಕೊಂಡರೆ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ ಎಲ್ಲ ಹುಟ್ಟುತ್ತದೆ. ‘ಕುರುಕ್ಷೇತ್ರ’ದಲ್ಲಿ ಗದೆ ಹಿಡಿಯುವ, ಕಿರೀಟ ತೊಡುವ ಪಾತ್ರಗಳೇ ಒಂದು ಊರಿಗಾಗುವಷ್ಟಿವೆ, ಬೇಡಿಕೆ ಹೆಚ್ಚಿದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಒಂದೇ ಪಾತ್ರವನ್ನು ಇಬ್ಬರಿಗೆ ಮಾಡುತ್ತಾರೆ. ‘ಸದಾರಮೆ’ಯಲ್ಲಿ ದುಡ್ಡು ಕೊಟ್ಟು ಕೊಳ್ಳುವಂಥ ಪಾರ್ಟು ಯಾವುದು? ಜಯವೀರನಿಗೆ ಯುದ್ಧವಿಲ್ಲ. ನಾಟಕದ ಅರ್ಧ ಭಾರ ನಾಯಕಿಯದು, ಆಕೆ ಸಂಬಳಕ್ಕೆ ಬರುವವಳು. ಉಳಿದ ಅರ್ಧ ಕಳ್ಳನದು, ಅದನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು, ಆದರೆ ನಗಿಸಲು ಬರಬೇಕಲ್ಲ. ಗದೆ ತಿರುಗಿಸುವುದನ್ನು ಮೇಷ್ಟ್ರು ಮೂರು ತಿಂಗಳಲ್ಲಿ ಕಲಿಸಿಯಾರು. ಜನ ನಗುವ ಹೊತ್ತಿಗೆ ಅರೆಗಳಿಗೆ ಕಾದು ಮುಂದಿನ ಮಾತು ಬಿಡುವುದನ್ನು ಯಾವ ಮೇಷ್ಟ್ರೂ ಕಲಿಸಲಾರರು.

ಹಾಗೆಂದು ದಾರಿ ಇಲ್ಲವೆಂದಲ್ಲ. ಕೃಷ್ಣನನ್ನೇ ಇಬ್ಬರಿಗೆ ಹಂಚಿದ ಊರಿಗೆ ಒಂದನೇ ಕಳ್ಳ, ಎರಡನೇ ಕಳ್ಳ ಮಾಡುವುದು ಕಷ್ಟವೇನಲ್ಲ. ಆ ಪಾರ್ಟಿಗೆ ಪೈಪೋಟಿ ಬಿದ್ದರೂ ಆಶ್ಚರ್ಯವಿಲ್ಲ.